ದಿನಗಟ್ಟಲೆ ಕರೆಂಟ್ ಹೋದರೆ: ಇನ್ವರ್ಟರ್, ಜನರೇಟರ್, ಪವರ್ ಸ್ಟೇಷನ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿಥಿಯಂ ಪವರ್ ಸ್ಟೇಷನ್‌ಗೆ. ಮೇಲೊಂದು ಹಿಡಿ, ಒಳಗೆ ಬ್ಯಾಟರಿ, ಮುಂದೆ ಪ್ಲಗ್ ಪಾಯಿಂಟ್, ಅಷ್ಟೇ ಅದು. ಮನೆಯಲ್ಲಿ ಮೊದಲಿಂದಲೂ ಇನ್ವರ್ಟರ್ ಇದೆ. ನೆಂಟರ ಮನೆಯ ಜನರೇಟರನ್ನೂ ತಂದು ಓಡಿಸಿ ನೋಡಿದ್ದೇನೆ. ಗಂಟೆ, ಎರಡು ಗಂಟೆ ಕರೆಂಟ್ ಹೋಗುವ ಮನೆಗೆ ಇನ್ವರ್ಟರ್ ಧಾರಾಳವಾಗಿ ಸಾಕು. ನಾನು ಹೇಳುತ್ತಿರುವುದು ಗಾಳಿಮಳೆಗೆ ಕಂಬ ಉರುಳಿ ದಿನಗಟ್ಟಲೆ ಕತ್ತಲಾದಾಗಿನ ಮಾತು.

ನಮ್ಮ ಇನ್ವರ್ಟರಿಗಿರುವುದು 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ಅಂದರೆ ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿ. ಎರಡನ್ನೂ ಗುಣಿಸಿದರೆ 1800 ವ್ಯಾಟ್-ಅವರ್ (ಒಂದು ವ್ಯಾಟಿನ ಸಾಮಾನನ್ನು ಒಂದು ಗಂಟೆ ಓಡಿಸುವಷ್ಟು ಕರೆಂಟೇ ಒಂದು ವ್ಯಾಟ್-ಅವರ್). ಪವರ್ ಸ್ಟೇಷನ್ನಿನದು ಬರೀ 1000. ಲೆಕ್ಕ ನೋಡಿದರೆ ಇನ್ವರ್ಟರೇ ಗೆಲ್ಲಬೇಕು, ಅಲ್ವಾ? ಗೆಲ್ಲುತ್ತದೆ, ಮೊದಲ ರಾತ್ರಿ ಮಾತ್ರ.

ಎರಡನೇ ದಿನದಿಂದ ಆಟವೇ ಬೇರೆ. ಲೈನ್ ರಿಪೇರಿ ನಡೆಯುವಾಗ ಕರೆಂಟ್ ಒಂದೆರಡು ಗಂಟೆ ಬರುತ್ತದೆ, ಮತ್ತೆ ಹೋಗುತ್ತದೆ. ಆ ಎರಡು ಗಂಟೆಯಲ್ಲಿ ಬ್ಯಾಟರಿ ಎಷ್ಟು ತುಂಬಿಕೊಂಡಿತು ಅನ್ನುವುದರ ಮೇಲೆ ಮುಂದಿನ ರಾತ್ರಿ ನಿಂತಿರುತ್ತದೆ. ಟ್ಯೂಬುಲರ್ ಬ್ಯಾಟರಿ ಬಾಯಿ ಕಿರಿದಾದ ದೊಡ್ಡ ಕೊಡ ಇದ್ದ ಹಾಗೆ. ನಲ್ಲಿ ಬಂದಾಗ ಬೇಗ ತುಂಬುವುದೇ ಇಲ್ಲ. 15 ಆಂಪ್‌ನಲ್ಲಿ ಎರಡು ಗಂಟೆಗೆ 30 ಎಎಚ್. ನಷ್ಟ ಕಳೆದರೆ ಕೈಗೆ ಸಿಗುವುದು 300 ವ್ಯಾಟ್-ಅವರ್ ಒಳಗೆ. 75 ವ್ಯಾಟಿನ ಒಂದು ಹಳೇ ಫ್ಯಾನ್, 9 ವ್ಯಾಟಿನ ಎರಡು ಬಲ್ಬು, ರೌಟರ್ ಸೇರಿಸಿದರೆ ಸುಮಾರು 100 ವ್ಯಾಟ್. ಎರಡೂವರೆ ಗಂಟೆ ಗಾಳಿ, ಆಮೇಲೆ ಕೀಂಯ್ ಅಂತ ಅಲಾರ್ಮ್. ಚಾರ್ಜಿಂಗ್ ಜಾಸ್ತಿ ಮಾಡುವ ಸ್ವಿಚ್ ಕೆಲವು ಇನ್ವರ್ಟರುಗಳಲ್ಲಿದೆ, ನಿಜ. ಆದರೆ ಲೆಡ್-ಆಸಿಡ್ ಬ್ಯಾಟರಿಯನ್ನು ಅವಸರಪಡಿಸಿದರೆ ಬಿಸಿಯಾಗಿ, ನೀರು ಬೇಗ ಇಂಗಿ, ಅದೇ ಹಾಳಾಗುತ್ತದೆ. ಪೂರ್ತಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕೇ ಬೇಕು. ಹಾಗಂತ ಅರೆಹೊಟ್ಟೆಯಲ್ಲೇ ದಿನಗಟ್ಟಲೆ ಇಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಬ್ಯಾಟರಿಯ ತಾಕತ್ತು ಇಳಿಯುತ್ತದೆ.

ಇದರ ಮೇಲೆ ವೋಲ್ಟೇಜ್ ಕಾಟ. ಕರೆಂಟ್ ಬಂದ ತಕ್ಷಣ ಬೀದಿಯವರೆಲ್ಲ ಮೋಟರ್ ಹಾಕುತ್ತಾರೆ, ವೋಲ್ಟೇಜ್ ಕುಸಿಯುತ್ತದೆ. ನಮ್ಮ ಇನ್ವರ್ಟರಿನ ಹಿಂದೆ ಒಂದು ಪುಟ್ಟ ಸ್ವಿಚ್ಚಿದೆ. ಅದು ಕಂಪ್ಯೂಟರಿಗೆಂದು ಇರುವ ಯುಪಿಎಸ್ ಮೋಡ್‌ನಲ್ಲಿದ್ದರೆ ಸುಮಾರು 180 ವೋಲ್ಟಿಗಿಂತ ಕೆಳಗಿನದನ್ನು ಇನ್ವರ್ಟರ್ ಕರೆಂಟ್ ಅಂತಲೇ ಒಪ್ಪುವುದಿಲ್ಲ. ಎದುರುಮನೆಯಲ್ಲಿ ದೀಪ ಮಂಕಾಗಿ ಉರಿಯುತ್ತಿದೆ, ನಮ್ಮಲ್ಲಿ ಇರುವ ಬ್ಯಾಟರಿಯೂ ಖಾಲಿಯಾಗುತ್ತಿದೆ! ಕಂಪ್ಯೂಟರ್ ಇಲ್ಲದ ಮನೆಯವರು ಆ ಸ್ವಿಚ್ಚನ್ನು ಇನ್ನೊಂದು ಕಡೆಗೆ ತಳ್ಳಿಡುವುದೇ ಒಳ್ಳೆಯದು.

ಪವರ್ ಸ್ಟೇಷನ್ ಅದೇ ಎರಡು ಗಂಟೆಯಲ್ಲಿ ಭರ್ತಿ. ನಷ್ಟ ಕಳೆದು 850 ಸಿಕ್ಕರೂ ಅದೇ ಫ್ಯಾನು, ಬಲ್ಬು, ರೌಟರ್ ಬೆಳಗಿನವರೆಗೆ ಓಡುತ್ತವೆ. ಒಳಗಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಡಿಸ್ಟಿಲ್ಡ್ ವಾಟರಿನ ತಲೆನೋವಿಲ್ಲ. ಎತ್ತಿಕೊಂಡು ಮಲಗುವ ಕೋಣೆಗೆ ಹೋಗಬಹುದು. ಕೊಂಕು ಇಲ್ಲವೆಂದಲ್ಲ. ಲೋಡ್ ತೀರಾ ಕಡಿಮೆಯಾದರೆ ಇಕೋ ಮೋಡ್ (ಬ್ಯಾಟರಿ ಉಳಿಸುವ ಸೆಟ್ಟಿಂಗ್) ಅದನ್ನು ತಾನೇ ಆಫ್ ಮಾಡಿಬಿಡುತ್ತದೆ, ರೌಟರ್ ಒಂದನ್ನೇ ಹಾಕುವವರು ಆ ಮೋಡ್ ತೆಗೆದಿಡಬೇಕು. ಸೋಲಾರ್ ಪ್ಯಾನೆಲ್ ಬಿಸಿಲಿಗೆ ಸರಿ, ಮಳೆಗಾಲದಲ್ಲಿ ನಂಬಬೇಡಿ.

ನೀರಿನ ಮೋಟರಿಗೆ ಮಾತ್ರ ಇದು ಆಗುವುದಿಲ್ಲ. 1 ಎಚ್‌ಪಿ ಅಂದರೆ 746 ವ್ಯಾಟ್ ಎಂದು ಸಮಾಧಾನಪಟ್ಟುಕೊಳ್ಳಬೇಡಿ, ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಮಳೆ ಮುನ್ಸೂಚನೆ ನೋಡಿ ಟ್ಯಾಂಕ್ ತುಂಬಿಸಿಡುವುದು ಸುಲಭ. ಫ್ರಿಜ್ಜಿಗೂ ಗಾಬರಿ ಬೇಡ. ಬಾಗಿಲು ತೆರೆಯದಿದ್ದರೆ 4 ಗಂಟೆ ತಂಪು ನಿಲ್ಲುತ್ತದೆ, ತುಂಬಿದ ಡೀಪ್ ಫ್ರೀಜರ್ 48 ಗಂಟೆ.

ಜನರೇಟರಿಗೆ ತಾಕತ್ತು ಜಾಸ್ತಿ. ಮೋಟರ್, ಫ್ರಿಜ್ ಎರಡೂ ಓಡಿದವು. ಆದರೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ, ಜೀವ ತೆಗೆಯುತ್ತದೆ. ಬಾಲ್ಕನಿ, ಗ್ಯಾರೇಜ್ ಯಾವುದೂ ಬೇಡ. ಬಯಲಲ್ಲಿ, ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರ ಇಡಬೇಕು. ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಲೈನಿನಿಂದ ಬಿಡಿಸಿ ಜನರೇಟರಿಗೆ ಜೋಡಿಸುವ ಸ್ವಿಚ್) ಇಲ್ಲದೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಕರೆಂಟ್ ವಾಪಸ್ ಲೈನಿಗೆ ಹೋಗಿ, ಕಂಬದ ಮೇಲಿರುವ ಲೈನ್‌ಮ್ಯಾನ್ ಸಾಯಬಹುದು. ಪೆಟ್ರೋಲನ್ನು ತಿಂಗಳುಗಟ್ಟಲೆ ಸುಮ್ನೆ ಇಟ್ಟರೆ ಅದೂ ಕೆಡುತ್ತದೆ. ಸದ್ದಂತೂ ಕೇಳಲೇಬೇಡಿ.

ನಾನಿರುವುದು ಮಹಡಿಯ ಬಾಡಿಗೆ ಮನೆ, ಕೆಲಸ ಲ್ಯಾಪ್‌ಟಾಪ್‌ನಲ್ಲಿ. ಅಂಗಳವೂ ಇಲ್ಲ, ಗೋಡೆ ಕೊರೆದು ವೈರಿಂಗ್ ಮಾಡಿಸುವ ಮನಸ್ಸೂ ಇಲ್ಲ. ಪವರ್ ಸ್ಟೇಷನ್ನಿಗೆ ದುಡ್ಡು ಜಾಸ್ತಿಯೇ ಆಯಿತು, ಮನೆ ಬದಲಿಸಿದರೆ ಜೊತೆಗೆ ಬರುತ್ತದಲ್ಲ ಎಂದು ಕೊಟ್ಟೆ. ಇನ್ವರ್ಟರನ್ನೂ ತೆಗೆದುಹಾಕಿಲ್ಲ, ಮೊದಲ ರಾತ್ರಿ ಅದರ ಪಾಲಿಗೆ. ನೀವು ಬಾವಿ ನೀರಿನ ಮೇಲೆಯೇ ನಿಂತಿದ್ದು, ಮನೆಯಿಂದ ದೂರದಲ್ಲಿ ಬಯಲು ಜಾಗ ಇದ್ದರೆ ಜನರೇಟರನ್ನೇ ತೆಗೆದುಕೊಳ್ಳಿ.