ಬಾವಲಿ ನೋಡಲು ತಗೊಂಡ 8×42 ದುರ್ಬೀನು: ಐದು ತಿಂಗಳ ಬಳಕೆಯ ನಂತರ

ಶಿರಸಿ ಹತ್ತಿರ ನಮ್ಮ ಅಡಿಕೆ ತೋಟದ ಆಚೆ ದೊಡ್ಡ ಗೋಳಿಮರವೊಂದಿದೆ. ಮರದ ತುಂಬ ದೊಡ್ಡ ಬಾವಲಿಗಳು. ಅವನ್ನು ನೋಡಬೇಕೆಂದೇ ಈ ದುರ್ಬೀನು ತರಿಸಿದೆ. ಮೊದಲು ನನ್ನ ಹತ್ತಿರ ಜೇಬಿನಲ್ಲಿ ಹಿಡಿಯುವ 10×25 ಇತ್ತು. ಹಗಲಿಗೆ ಪರವಾಗಿಲ್ಲ. ಆದರೆ ಬಾವಲಿ ಹೊರಡುವುದೇ ಹೊತ್ತು ಮುಳುಗಿದ ಮೇಲೆ, ಅಲ್ವಾ? ಆಗ ಅದರಲ್ಲಿ ಬರೀ ಕಪ್ಪು ನೆರಳು.

ಕೊಳ್ಳುವಾಗ ಎರಡನೇ ಅಂಕಿ ನೋಡಿ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಮೊದಲ ಅಂಕಿ 8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು. 42ನ್ನು 8ರಿಂದ ಭಾಗಿಸಿದರೆ ಐದು ಚಿಲ್ಲರೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ ಅಷ್ಟು ಅಗಲ. ಹಳೆಯದರಲ್ಲಿ ಅದು ಎರಡೂವರೆ ಮಾತ್ರ. ಮುಸ್ಸಂಜೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಹಗಲು ಅರವತ್ತು ಮೀಟರ್ ದೂರದಿಂದ ನೋಡುತ್ತೇನೆ. ನರಿಯಂಥ ಮುಖ, ದೊಡ್ಡ ಕಣ್ಣು, ಚೂಪು ಕಿವಿ, ಕತ್ತಿನ ಸುತ್ತ ಹೊಂಬಣ್ಣದ ಕೂದಲು. ಬಾಲ ಇಲ್ಲ. ಹೆಬ್ಬೆರಳಿನ ಕೊಕ್ಕೆಯುಗುರಿನಿಂದ ಕೊಂಬೆ ಹಿಡಿದು ನಡೆಯುವುದೂ ಕಂಡಿತು. ಏಪ್ರಿಲ್ ಬಿಸಿಲಿಗೆ ಎಲ್ಲವೂ ರೆಕ್ಕೆ ಬೀಸಿಕೊಳ್ಳುತ್ತಿದ್ದವು. ಒಂದರ ಎದೆಗೆ ಮರಿ ಅಂಟಿಕೊಂಡಿತ್ತು. ವರ್ಷಕ್ಕೆ ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಅವತ್ತು ನಾನು ಊಟಕ್ಕೂ ಮನೆಗೆ ಹೋಗಲಿಲ್ಲ.

ಸಂಜೆ ಹಾರುವಾಗ 8 ಪಟ್ಟೇ ಸಾಕು. ಜಾಸ್ತಿ ಪಟ್ಟು ತಗೊಂಡರೆ ಕೈ ನಡುಗಿದಷ್ಟೂ ಚಿತ್ರ ನಡುಗುತ್ತದೆ. ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿಗೂ ಜಾಸ್ತಿ ಅಗಲ, ಕಾಗೆಗಿಂತ ನಿಧಾನವಾದ ಬಡಿತ. ಒಮ್ಮೆ ನೋಡಿದರೆ ಬೇರೆ ಬಾವಲಿ ಅಂದುಕೊಳ್ಳಲು ಸಾಧ್ಯವೇ ಇಲ್ಲ.

ಕೊರತೆಯೂ ಇದೆ. ಪಟ್ಟಿ ತೆಳು, ಅರ್ಧ ಗಂಟೆಗೆ ಕತ್ತು ನೋಯುತ್ತದೆ. ಮುಂದಿನ ಮುಚ್ಚಳ ಎರಡೇ ವಾರದಲ್ಲಿ ತೋಟದಲ್ಲಿ ಬಿದ್ದುಹೋಯಿತು. ಕನ್ನಡಕದವರು ಕಣ್ಣಿನ ರಬ್ಬರನ್ನು ಪೂರ್ತಿ ಒಳಕ್ಕೆ ತಿರುಗಿಸಿಯೇ ನೋಡಬೇಕು. ಕೊಟ್ಟ ಹನ್ನೊಂದೂವರೆ ಸಾವಿರಕ್ಕೆ ಗಾಜು ಮಾತ್ರ ಒಳ್ಳೆಯದಿದೆ, ಐದಕ್ಕೆ ನಾಲ್ಕು ಕೊಡುತ್ತೇನೆ.

ದುರ್ಬೀನು ಇದೆಯೆಂದ ಮೇಲೆ ಮರದ ಬುಡಕ್ಕೆ ಹೋಗಬೇಡಿ. ಕಲ್ಲು, ಪಟಾಕಿ ಬೇಡವೇ ಬೇಡ. ಬಿದ್ದ ಬಾವಲಿಯನ್ನು, ಅದು ಕಚ್ಚಿದ ಹಣ್ಣನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಿಪಾ ವೈರಸ್ ಇವುಗಳಲ್ಲಿ ಇರಬಹುದು. ಹಿಂದೆ ವನ್ಯಜೀವಿ ಸಂರಕ್ಷಣಾ ಕಾನೂನೇ ಇವನ್ನು ಇಲಿ, ಕಾಗೆಗಳ ಜೊತೆ ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿ ಹೋಯಿತು. ನಮ್ಮೂರಲ್ಲಿ ಇದು ಇನ್ನೂ ಹಲವರಿಗೆ ಗೊತ್ತಿಲ್ಲ. ಅದಕ್ಕೇ ಸಂಜೆ ಪಕ್ಕದ ಮನೆ ಮಕ್ಕಳ ಕೈಗೂ ಈ ದುರ್ಬೀನು ಕೊಡುತ್ತಿದ್ದೇನೆ.