ವೆಬ್ ಪುಟದಿಂದ ಪಿಡಿಎಫ್ ಮಾಡಿಸಿಕೊಳ್ಳುವವರು ಹಣ ಕೊಡುವ ಮುನ್ನ ಇದನ್ನು ಓದಿ

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿರುವ ನಮ್ಮ ಮಂಡಿಯಿಂದ ರೈತರಿಗೆ ಮಾರಾಟದ ಪಟ್ಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಸಲುವಾಗಿ ಒಂದು ಸಾಫ್ಟ್‌ವೇರ್ ಸಂಸ್ಥೆಗೆ ಕೆಲಸ ಒಪ್ಪಿಸಿದ್ದೆವು. ಲಾಟು, ಬಾಕ್ಸ್, ದರ, ಹಮಾಲಿ ಎಲ್ಲವನ್ನೂ ತೋರಿಸುವ ವೆಬ್ ಪುಟವನ್ನು ಅವರು ಅಚ್ಚುಕಟ್ಟಾಗಿಯೇ ಮಾಡಿಕೊಟ್ಟರು. ಕೆಟ್ಟದ್ದು ಆ ಪುಟವನ್ನು ಪಿಡಿಎಫ್ ಆಗಿಸುವ ಗುಂಡಿ.

ಮೊದಲು ಅವರು ಅಳವಡಿಸಿದ್ದು ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಉಚಿತ ತಂತ್ರಾಂಶ. ವೆಬ್ ಪುಟವನ್ನು ಮೂಡಿಸುವ ಹಳೆಯ ವೆಬ್‌ಕಿಟ್ ಎಂಜಿನ್ ಮೇಲೆ ನಿಂತಿರುವ ಅದರ ಅಭಿವೃದ್ಧಿ ನಿಂತಿದ್ದು, 2023ರಲ್ಲಿ ಅದರ ಗಿಟ್‌ಹಬ್ ಭಂಡಾರವನ್ನೇ (ಅದರ ಕೋಡ್ ಇಟ್ಟಿರುವ ಜಾಗ) ಇನ್ನು ಬದಲಾವಣೆ ಇಲ್ಲದೆ ಓದಲಷ್ಟೇ ಉಳಿಸಲಾಗಿದೆ. ಪುಟವನ್ನು ನಡೆಸುವ ಇಂದಿನ ಜಾವಾಸ್ಕ್ರಿಪ್ಟ್ ಭಾಷೆಯಾಗಲಿ, ಅಂಕಣಗಳನ್ನು ಜೋಡಿಸುವ ಗ್ರಿಡ್ ವಿನ್ಯಾಸವಾಗಲಿ ಅದಕ್ಕೆ ಅರ್ಥವಾಗುವುದಿಲ್ಲ. ಅಂಕಣಗಳು ಒಂದರ ಮೇಲೊಂದು ಬಿದ್ದವು. ಬಳಿಕ ಬ್ರೌಸರ್‌ನಲ್ಲೇ ಪಿಡಿಎಫ್ ಕಟ್ಟುವ ಒಂದು ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡ್ ಕಟ್ಟನ್ನು, ಹಾಕಿದರು. ಕನ್ನಡದ ಒತ್ತಕ್ಷರಗಳನ್ನು ಕೂಡಿಸುವ ಶಕ್ತಿ ಅದಕ್ಕಿಲ್ಲದ ಕಾರಣ ವಕ್ಕಲೇರಿ ಎಂಬ ಊರ ಹೆಸರು 'ವಕ್‌ಕಲೇರಿ' ಎಂದು ಬಂತು. ಪುಟದ ಚಿತ್ರವನ್ನೇ ತೆಗೆದು ಅಂಟಿಸೋಣ ಎಂದಾಗ ಫೈಲು ಭಾರವಾಯಿತು, ಹೆಸರು ಹುಡುಕಿದರೆ ಸಿಗದಾಯಿತು, ಹಾಳೆಯ ಅಂಚಿನಲ್ಲಿ ಸಾಲುಗಳು ಅಡ್ಡಡ್ಡ ಸೀಳಿದವು.

ಕಡೆಗೆ ಪಪಿಟಿಯರ್ ಎಂಬ ತಂತ್ರಾಂಶ ಬಂತು. ಗೂಗಲ್‌ನ ಕ್ರೋಮ್ ತಂಡ 2017ರಲ್ಲಿ ಹೊರತಂದ ಇದು ನಿಜವಾದ ಕ್ರೋಮ್ ಬ್ರೌಸರನ್ನೇ ತೆರೆಮರೆಯಲ್ಲಿ ಓಡಿಸುವುದರಿಂದ, ಸರ್ವರ್‌ನಲ್ಲಿ ನೋಟೊ ಸಾನ್ಸ್ ಕನ್ನಡದಂಥ ಅಕ್ಷರಶೈಲಿ ಇದ್ದರೆ ಒತ್ತಕ್ಷರಗಳು ಸರಿಯಾಗಿಯೇ ಮೂಡುತ್ತವೆ, ಇಲ್ಲದಿದ್ದರೆ ಬರೀ ಚೌಕಗಳು ಬರುತ್ತವೆ. ಆದರೆ ನಿಜವಾದ ಅನಾಹುತ ನಡೆದದ್ದು ಇಲ್ಲಿಯೇ. ಪರದೆ ಹಗುರವಾಗಿರಲೆಂದು ನಮ್ಮ ಪುಟ, ಕಣ್ಣಿಗೆ ಬೀಳುವಷ್ಟು ಸಾಲುಗಳನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಕೆಳಗೆ ಜಾರಿಸಿದಂತೆಲ್ಲ ತರುತ್ತಿತ್ತು. ಪಪಿಟಿಯರ್ ತಾನಾಗಿ ತೆರೆಯುವ ಪರದೆಯ ಅಳತೆ 800×600 ಪಿಕ್ಸೆಲ್ ಮಾತ್ರ, ಅದು ಜಾರಿಸುವುದೂ ಇಲ್ಲ. ಹೀಗಾಗಿ ತಿಂಗಳಿಡೀ ಮಾಲು ಹಾಕಿದ ರೈತರ ಲೆಕ್ಕದಲ್ಲಿ ಮೊದಲ ಕೆಲವು ಲಾಟುಗಳಷ್ಟೇ ಅಚ್ಚಾದವು, ಸರ್ವರ್‌ನಲ್ಲಿ ಕೂಡಿ ಬಂದ ಒಟ್ಟು ಮೊತ್ತ ಮಾತ್ರ ಸರಿಯಾಗಿತ್ತು. ಎಲ್ಲೂ ದೋಷದ ಸೂಚನೆ ಇರಲಿಲ್ಲ. "ಏನಣ್ಣಾ, ಮಿಕ್ಕ ಬಾಕ್ಸ್‌ಗಳು ಎಲ್ಲೋದ್ವು?" ಎಂದು ರೈತರು ಕೇಳತೊಡಗಿದಾಗಲೇ ವಿಷಯ ಹೊರಬಿದ್ದದ್ದು. ಮಂಡಿಯ ವ್ಯವಹಾರ ನಿಂತಿರುವುದೇ ನಂಬಿಕೆಯ ಮೇಲಾದ್ದರಿಂದ, ಅಂಥ ಪ್ರಶ್ನೆಗೆ ತಾಂತ್ರಿಕ ವಿವರಣೆ ಕೊಡುವುದು ಸುಲಭವಲ್ಲ.

ಸಂಸ್ಥೆಯವರ ಪರಿಹಾರವೆಂದರೆ ಪುಟ ತೆರೆದು ಎರಡು ಸೆಕೆಂಡು ಕಾಯುವಂತೆ ಮಾಡಿದ್ದು. ಹರಾಜಿನ ಬಿಸಿಯಲ್ಲಿ ಸರ್ವರ್ ನಿಧಾನವಾದ ದಿನ ಖಾಲಿ ಪಟ್ಟಿಗಳೇ ಹೋದವು.

ಇಂಥ ಕೆಲಸ ಮಾಡಿಸುವವರು ಪರದೆಯ ಪುಟವನ್ನೇ ಅಚ್ಚಿಗೆ ಹಾಕಲು ಒಪ್ಪಬೇಡಿ. ಎಲ್ಲ ಸಾಲುಗಳನ್ನೂ ಒಮ್ಮೆಗೇ ಹೊತ್ತು ಬರುವ, ಎ4 ಹಾಳೆಗೆಂದೇ ರೂಪಿಸಿದ ಪ್ರತ್ಯೇಕ ಪುಟ ಬೇಕೆಂದೂ, ಮಾಹಿತಿ ಮತ್ತು ಅಕ್ಷರಶೈಲಿ ಬಂದಾದ ಮೇಲೆ ಆ ಪುಟವೇ ಸಿದ್ಧವೆಂದು ಸೂಚಿಸಿದ ನಂತರವಷ್ಟೇ ಪಿಡಿಎಫ್ ತಯಾರಾಗಬೇಕೆಂದೂ ಒಪ್ಪಂದದಲ್ಲಿಯೇ ಬರೆಸಿ. ಪಿಡಿಎಫ್‌ನಲ್ಲಿರುವ ಸಾಲುಗಳ ಮೊತ್ತ ಕೊನೆಯ ಮೊತ್ತಕ್ಕೆ ತಾಳೆಯಾಗದಿದ್ದರೆ ಅದು ಹೊರಗೆ ಹೋಗಬಾರದು. ಮಾದರಿ ತೋರಿಸುವಾಗ ಅವರು ನಾಲ್ಕು ಸಾಲಿನ ಪಟ್ಟಿಯನ್ನೇ ತರುತ್ತಾರೆ. ನಿಮ್ಮಲ್ಲಿರುವ ಅತಿ ಉದ್ದದ ಲೆಕ್ಕವನ್ನು ಕೊಟ್ಟು, ಅದರ ಪಿಡಿಎಫ್ ನೋಡಿದ ಮೇಲೆ ಕೊನೆಯ ಕಂತು ಕೊಡಿ.