ಹತ್ತು ತಿಂಗಳು ಬಳಸಿದ ಮೇಲೆ ಹೇಳುತ್ತಿದ್ದೇನೆ: ಕಲ್ಲು ನೆಲಕ್ಕೆ 17 ಇಂಚಿನ ಪಾಲಿಶ್ ಮೆಷಿನ್

ನಮ್ಮದು ಬೆಂಗಳೂರಿನ ಬನಶಂಕರಿ ಕಡೆ ಒಂದು ಸಣ್ಣ ಕ್ಲೀನಿಂಗ್ ಕೆಲಸ. ನಾನು, ನನ್ನ ಜೊತೆ ಐದು ಜನ. ಬಾಡಿಗೆ ಮನೆ ಖಾಲಿಯಾದಾಗ, ಗೃಹಪ್ರವೇಶಕ್ಕೆ ಮುಂಚೆ, ಗೌರಿ ಹಬ್ಬ ದೀಪಾವಳಿ ಬಂತು ಅಂದಾಗ ಪೂರ್ತಿ ಮನೆ ತೊಳೆದು ಒರೆಸಿ ಕೊಡುತ್ತೇವೆ. ಹೋದ ಕಡೆಯೆಲ್ಲಾ ಕೊನೆಗೆ ಒಂದೇ ಮಾತು ಕೇಳುತ್ತಿತ್ತು. "ಎಲ್ಲಾ ಚೆನ್ನಾಗಾಯ್ತು, ನೆಲ ಮಾತ್ರ ಮಂಕಾಗೇ ಇದೆಯಲ್ಲಾ?" ನೆಲ ಕೊಳೆಯಾಗಿರಲಿಲ್ಲ, ಸವೆದಿತ್ತು. ಸವೆದ ಕಲ್ಲನ್ನು ಎಷ್ಟು ಒರೆಸಿದರೂ ಹೊಳೆಯುವುದಿಲ್ಲ ಅಲ್ವಾ. ಅದಕ್ಕೇ ಈ ಮೆಷಿನ್ ತೆಗೆದುಕೊಂಡೆ. ಇದೇ ಯೋಚನೆಯಲ್ಲಿರುವ ಕ್ಲೀನಿಂಗ್‌ನವರು ಬೇರೆ ಕೆಲವರು ನನಗೆ ಗೊತ್ತು, ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಮೆಷಿನ್‌ಗೆ ಐದಕ್ಕೆ ನಾಲ್ಕು. ಅದರ ಜೊತೆ ಅಂಗಡಿಯವರು ಕೊಟ್ಟ ಕಿಟ್‌ಗೆ ಐದಕ್ಕೆ ಎರಡು, ಅದೂ ಪ್ಯಾಡ್‌ಗಳು ಚೆನ್ನಾಗಿದ್ದದ್ದಕ್ಕೆ.

ತೆಗೆದುಕೊಂಡದ್ದು ಏನು ಅಂದರೆ, 17 ಇಂಚಿನ ಸಿಂಗಲ್ ಡಿಸ್ಕ್ ಮೆಷಿನ್, ಒಂದೂವರೆ ಎಚ್‌ಪಿ ಮೋಟಾರ್, ನಿಮಿಷಕ್ಕೆ 175 ಸುತ್ತು, ಮೇಲೆ ಒಂದು ನೀರಿನ ಟ್ಯಾಂಕ್. ತೂಕ ಹತ್ತಿರ ಹತ್ತಿರ 45 ಕೆಜಿ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹೊತ್ತರೆ ಗೊತ್ತಾಗುತ್ತದೆ. ಜೊತೆಗೆ 50ರಿಂದ 3000ದವರೆಗೆ ಏಳು ನಂಬರಿನ ಡೈಮಂಡ್ ಪ್ಯಾಡ್ (ವಜ್ರದ ಪುಡಿ ಕೂರಿಸಿದ ಅರೆಯುವ ಬಿಲ್ಲೆ, ನಂಬರ್ ಹೆಚ್ಚಾದಷ್ಟೂ ನಯ), ಒಂದು ವೆಟ್ ವ್ಯಾಕ್ಯೂಮ್, ಸ್ಟೀಲ್ ವುಲ್, ಒಂದು ಪೌಡರ್, ಒಂದು ಸೀಲರ್. ಎಲ್ಲಾ ಸೇರಿ ಲಕ್ಷದ ಮೇಲೆ ಸ್ವಲ್ಪ ಆಯಿತು. ಮುದ್ರಾ ಸಾಲದಲ್ಲಿ ತೆಗೆದುಕೊಂಡೆ. 50 ಸಾವಿರ ದಾಟಿದ್ದರಿಂದ ಶಿಶು ಅಲ್ಲ, ಕಿಶೋರ್ ವಿಭಾಗಕ್ಕೆ ಬಂತು.

ಅಂಗಡಿಯ ಹೆಸರು ಬರೆಯುವುದಿಲ್ಲ. ಅವರು ಹೇಳಿದ ಮಾತು ಮಾತ್ರ ಬರೆಯುತ್ತೇನೆ: "ಒಂದೇ ಕಿಟ್ ಮೇಡಂ, ಮಾರ್ಬಲ್, ಗ್ರಾನೈಟ್, ಎಲ್ಲದಕ್ಕೂ ಆಗುತ್ತೆ." ಆಗುವುದಿಲ್ಲ. ಇದನ್ನು ನಂಬಿ ನಾನು ಮೊದಲ ಎರಡು ತಿಂಗಳು ಕಳೆದುಕೊಂಡೆ.

ಮಾರ್ಬಲ್ ಅಂದರೆ ಸುಣ್ಣದ ಜಾತಿಯ ಕಲ್ಲು, ಮೆತ್ತಗೆ. ಕಲ್ಲಿನ ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಅದು 3ರ ಆಸುಪಾಸು. ಗ್ರಾನೈಟ್ 6ರಿಂದ 7. ಚಾಕುವಿನ ಉಕ್ಕು ಇವೆರಡರ ಮಧ್ಯೆ, ಐದೂವರೆ. ಅದಕ್ಕೇ ಚಾಕುವಿನ ತುದಿ ಮಾರ್ಬಲ್ ಮೇಲೆ ಗೀರು ಬಿಡುತ್ತದೆ, ಗ್ರಾನೈಟ್ ಮೇಲೆ ಬಿಡುವುದಿಲ್ಲ. ನಮ್ಮ ಮೆಷಿನ್ ಮತ್ತು ಪ್ಯಾಡ್ ಮಾರ್ಬಲ್‌ಗೆ ಸರಿಯಾಗಿ ಕೂರುತ್ತವೆ. ಗ್ರಾನೈಟ್ ಮೇಲೆ ಅದೇ ಪ್ಯಾಡ್ ಇಟ್ಟು ಅರ್ಧ ದಿನ ಓಡಿಸಿದೆವು. ಪ್ಯಾಡ್ ಸವೆಯಿತು, ಕಲ್ಲು ಹಾಗೇ ಇತ್ತು. ನಮ್ಮೂರಿನ ಸುತ್ತಲಿನ ಕಲ್ಲೇ ಅಷ್ಟು ಗಟ್ಟಿ, ಜಿಗಣಿ ಫ್ಯಾಕ್ಟರಿಗಳಲ್ಲಿ ಅದನ್ನು ಪಾಲಿಶ್ ಮಾಡುವ ಮೆಷಿನ್‌ಗಳ ಗಾತ್ರ ನೋಡಿದರೆ ನಮ್ಮ 45 ಕೆಜಿ ಎಲ್ಲಿಗೆ ಸಾಲುತ್ತದೆ ಅಂತ ಅರ್ಥ ಆಗುತ್ತದೆ. ಈಗ ಗ್ರಾನೈಟ್ ನೆಲ ಅಂದರೆ ತೊಳೆದು ಕೊಡುತ್ತೇನೆ, ಪಾಲಿಶ್ ಒಪ್ಪಿಕೊಳ್ಳುವುದಿಲ್ಲ.

ಈ ಕೆಲಸದಲ್ಲಿ ದುಡ್ಡು ತರುವುದು ಮೆಷಿನ್ ಅಲ್ಲ, ಕಲ್ಲು ಯಾವುದು ಅಂತ ಗುರುತಿಸುವುದು. ಫೋನಿನಲ್ಲಿ ಎಲ್ಲರೂ "ನಮ್ಮದು ಮಾರ್ಬಲ್" ಅಂತಲೇ ಹೇಳುತ್ತಾರೆ. ಹೋಗಿ ನೋಡಿದರೆ ಅರ್ಧಕ್ಕರ್ಧ ವಿಟ್ರಿಫೈಡ್ ಟೈಲ್ಸ್. ಎರಡಡಿಗೆ ಎರಡಡಿ, ಎಲ್ಲಾ ಒಂದೇ ಅಳತೆ, ಅಲ್ಲಲ್ಲಿ ಅದೇ ಗೆರೆ ಮತ್ತೆ ಬಂದಿರುತ್ತದೆ. ಅದನ್ನು ಉಜ್ಜಿದರೆ ಇದ್ದ ಹೊಳಪೂ ಹೋಗುತ್ತದೆ. ಈಗ ನಾನು ಹೋದ ಕೂಡಲೇ ಬಾಗಿಲ ಹಿಂದಿನ ಮೂಲೆಯಲ್ಲಿ ಮೊಣಕಾಲೂರಿ ಕೂರುತ್ತೇನೆ, ಒಂದು ಹನಿ ವಿನೆಗರ್ ಬಿಡುತ್ತೇನೆ, ಮುಖ ಹತ್ತಿರ ಇಟ್ಟು ನೋಡುತ್ತೇನೆ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಜಾತಿ. ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಬೇಕು, ಇಲ್ಲದಿದ್ದರೆ ಅಲ್ಲೇ ಒಂದು ಮಂಕು ಚುಕ್ಕೆ ಉಳಿಯುತ್ತದೆ. ಮನೆಯವರನ್ನು ಕೇಳಿಯೇ ಮಾಡುತ್ತೇನೆ.

ಮಾರ್ಬಲ್ ಒಂದೇ ಅಲ್ಲ, ಕಡಪ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕೋಟಾ ಕಲ್ಲು, ಇವೂ ಸುಣ್ಣದ ಜಾತಿಯವೇ. ಅಡುಗೆಮನೆಯ ಕಪ್ಪು ಕಡಪದ ಮೇಲೆ ನಿಂಬೆಹಣ್ಣು ಹಿಂಡಿದ ಜಾಗ ಬೂದಿ ಬಣ್ಣಕ್ಕೆ ತಿರುಗಿರುವುದನ್ನು ಎಲ್ಲರೂ ನೋಡಿರುತ್ತೀರಿ. ಅದು ಕಲೆ ಅಲ್ಲ, ಕಲ್ಲೇ ಕರಗಿರುವುದು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಅರೆದು ಕೆಳಗಿನ ಪದರ ತೆಗೆಯಬೇಕು. ಬೋರ್‌ವೆಲ್ ನೀರಿನ ಬಿಳಿ ಕಲೆ ಹೋಗಲಿ ಅಂತ ಬಾತ್‌ರೂಮ್ ಮಾರ್ಬಲ್ ಮೇಲೆ ಟಾಯ್ಲೆಟ್ ಆ್ಯಸಿಡ್ ಸುರಿದವರ ಮನೆಗೆ ಹೋಗಿದ್ದೇನೆ. ಸುರಿದವರು ಮನೆಯವರಲ್ಲ, ಅವರು ಕರೆಸಿದ್ದ ಕ್ಲೀನಿಂಗ್‌ನವರು. ಬರಿಗಾಲಲ್ಲಿ ನಿಂತರೆ ನೆಲ ಮರಳು ಕಾಗದದ ಹಾಗೆ ತರಿತರಿ. ನಮ್ಮಂಥವರೇ ಮಾಡಿದ್ದು ಅಂತ ನೋಡಿ ನಿಜವಾಗಿಯೂ ಬೇಜಾರಾಯಿತು. ಅವತ್ತಿನಿಂದ ನಮ್ಮ ಬ್ಯಾಗ್‌ನಲ್ಲಿ ಆ್ಯಸಿಡ್ ಬಾಟಲಿ ಇಲ್ಲ.

ಇನ್ನು ರೆಡ್ ಆಕ್ಸೈಡ್ ನೆಲ. ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಕನ್ನಡಿಯಂಥ ಕೆಂಪು ನೆಲ ಇರುತ್ತದಲ್ಲಾ, ಅದು ಕಲ್ಲಲ್ಲ. ಸಿಮೆಂಟಿಗೆ ಬಣ್ಣ ಕಲೆಸಿ ಕರಣೆಯಲ್ಲಿ ಒತ್ತಿ ಒತ್ತಿ ನಯ ಮಾಡಿರುವುದು. ಬಣ್ಣದ ಪದರ ತೀರಾ ತೆಳು. ಡೈಮಂಡ್ ಪ್ಯಾಡ್ ಇಟ್ಟರೆ ಕೆಳಗಿನ ಬೂದಿ ಸಿಮೆಂಟ್ ಎದ್ದು ಬರುತ್ತದೆ, ಮತ್ತೆ ಆ ಬಣ್ಣ ಹೊಂದಿಸುವ ಕೈಗಳು ಈಗ ಸಿಗುವುದು ಕಷ್ಟ. ಯಾರು ಎಷ್ಟು ಕೊಡುತ್ತೇನೆಂದರೂ ಮುಟ್ಟಬೇಡಿ. ಬರೀ ನೀರಲ್ಲಿ ಒರೆಸಿ, ಮೇಣ ಹಚ್ಚಿ, ಬಟ್ಟೆಯಲ್ಲಿ ತಿಕ್ಕಿ ಕೊಡಿ, ಅಷ್ಟು ಸಾಕು.

ಈಗ ಮೆಷಿನ್ ವಿಷಯ. ಇದನ್ನು ತಳ್ಳಿ ಓಡಿಸುವುದಲ್ಲ. ಹ್ಯಾಂಡಲ್ ಒಂದು ಚೂರು ಎತ್ತಿದರೆ ಬಲಕ್ಕೆ ಹೋಗುತ್ತದೆ, ಒಂದು ಚೂರು ಇಳಿಸಿದರೆ ಎಡಕ್ಕೆ. ತೋಳಿನ ಬಲ ಬೇಡ, ಹೊಟ್ಟೆಯ ಹತ್ತಿರ ಹ್ಯಾಂಡಲ್ ಹಿಡಿದು ಸುಮ್ನೆ ನಿಂತಿರಬೇಕು. ಮೊದಲ ದಿನ ನಮ್ಮ ಹುಡುಗ ಅದನ್ನು ಗಟ್ಟಿಯಾಗಿ ಹಿಡಿದು ಎಳೆದಾಡಿದ, ಅದು ಅವನನ್ನೇ ಎಳೆದುಕೊಂಡು ಹೋಗಿ ಗೋಡೆಗೆ ಗುದ್ದಿ ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿಯ ಒಂದು ಚೂರು ಹಾರಿತು. ಅದರ ದುಡ್ಡು ನಾನು ಕಟ್ಟಿಕೊಟ್ಟೆ. ಆಮೇಲೆ ಮೂರು ದಿನ ನಮ್ಮ ಗೋಡೌನಿನ ಸಿಮೆಂಟ್ ನೆಲದ ಮೇಲೆ ನೀರು ಹಾಕಿ ಬರೀ ಪ್ರಾಕ್ಟೀಸ್. ಮೆಷಿನ್ ಬಂದ ವಾರವೇ ಆರ್ಡರ್ ಹಿಡಿಯಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ.

ಪ್ಯಾಡ್ ನಂಬರ್ ಹಾರಿಸಬೇಡಿ. 50, 100, 200, 400, 800, 1500, 3000, ಈ ಕ್ರಮ ಸುಮ್ನೆ ಇಟ್ಟಿರುವುದಲ್ಲ. ಪ್ರತಿ ಪ್ಯಾಡ್‌ನ ಕೆಲಸ ಅದರ ಹಿಂದಿನ ಪ್ಯಾಡ್ ಬಿಟ್ಟ ಗೀರನ್ನು ತೆಗೆಯುವುದು. ನಾವು ಜೆಪಿ ನಗರದ ಒಂದು ಮನೆಯಲ್ಲಿ ಹೊತ್ತಾಯಿತು ಅಂತ 100 ಆದ ಮೇಲೆ ಸೀದಾ 400 ಹಾಕಿದೆವು. ಟ್ಯೂಬ್‌ಲೈಟಲ್ಲಿ ನೆಲ ಫಳಫಳ ಅನ್ನುತ್ತಿತ್ತು. ಮರುದಿನ ಸಂಜೆ ಮನೆಯವರು ಫೋಟೋ ಕಳಿಸಿದರು. ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಿದೆ, ಇಡೀ ಹಾಲ್ ತುಂಬಾ ಸುರುಳಿ ಸುರುಳಿ ಗೀರು, ತೊಳೆದ ತಟ್ಟೆಯ ಮೇಲೆ ಸ್ಕ್ರಬ್ಬರ್ ಗುರುತು ಉಳಿದ ಹಾಗೆ. ಮತ್ತೆ ಹೋಗಿ 200ರಿಂದ ಶುರು ಮಾಡಿ ಬಿಟ್ಟಿ ಮಾಡಿಕೊಟ್ಟೆವು. ಈಗ ಪ್ರತಿ ನಂಬರ್ ಮುಗಿದ ಮೇಲೆ ನೆಲ ಒಣಗಿಸಿ, ಫೋನಿನ ಟಾರ್ಚ್ ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಟ್ಟು ನೋಡದೆ ಮುಂದಿನ ಪ್ಯಾಡ್ ಹಾಕುವುದಿಲ್ಲ.

ಕಲ್ಲು ಅರೆದ ನೀರು ಮಜ್ಜಿಗೆ ತರ ಬೆಳ್ಳಗೆ ಹರಡುತ್ತದೆ. ಅದನ್ನು ಒದ್ದೆ ಇರುವಾಗಲೇ ವ್ಯಾಕ್ಯೂಮಲ್ಲಿ ಎಳೆದುಬಿಡಬೇಕು. ಒಣಗಿದರೆ ಸ್ಕರ್ಟಿಂಗ್ ಮೇಲೆ, ಬಾಗಿಲ ಮರದ ಮೇಲೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಹೇಳುವುದು, ವ್ಯಾಕ್ಯೂಮ್‌ನಲ್ಲಿ ದುಡ್ಡು ಉಳಿಸಬೇಡಿ, ಒಬ್ಬರು ಮೆಷಿನ್ ಹಿಡಿದರೆ ಇನ್ನೊಬ್ಬರ ಕೈಯಲ್ಲಿ ವ್ಯಾಕ್ಯೂಮ್ ಇರಲೇಬೇಕು. ಈ ಕೆಸರನ್ನು ಮನೆಯ ಡ್ರೈನ್‌ಗೆ ಬಿಡಬೇಡಿ, ಪೈಪಲ್ಲಿ ಕೂತು ಗಟ್ಟಿಯಾಗುತ್ತದೆ. ನಾವು ಬಕೆಟಲ್ಲಿ ತಳ ಕೂರಲು ಬಿಟ್ಟು, ಮೇಲಿನ ತಿಳಿ ಚೆಲ್ಲಿ, ಕೆಳಗಿನದನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತೇವೆ. ಮತ್ತೆ, ನೀರಿಲ್ಲದೆ ಒಣ ಅರೆತ ಮಾಡಲೇಬೇಡಿ. ಗ್ರಾನೈಟ್‌ನ ಒಣ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಬಂದರೆ ವಾಸಿಯಾಗುವ ಕಾಯಿಲೆಯಲ್ಲ. ಕೆಲಸದ ಹುಡುಗರು ನಮ್ಮನ್ನು ನಂಬಿ ಬಂದಿರುತ್ತಾರೆ.

ನೀರಿನ ಮಧ್ಯೆ ಕರೆಂಟ್ ಅನ್ನುವುದೂ ನೆನಪಿರಲಿ. 15 ಆಂಪ್ ಸಾಕೆಟ್‌ಗೇ ಹಾಕಿ. ಟಿವಿ ಪಕ್ಕದ 5 ಆಂಪ್ ಸಾಕೆಟ್‌ಗೆ ಹಾಕಿದರೆ ಸ್ಟಾರ್ಟ್ ಆಗುವಾಗಲೇ ಟ್ರಿಪ್ ಆಗುತ್ತದೆ, ಇಲ್ಲವೇ ಪ್ಲಗ್ ಕಾದು ವಾಸನೆ ಬರುತ್ತದೆ. ನಮ್ಮದೇ ದಪ್ಪ ವೈರಿನ ಎಕ್ಸ್‌ಟೆನ್ಷನ್, ಅದರಲ್ಲಿ ಕರೆಂಟ್ ಲೀಕ್ ಆದ ಕೂಡಲೇ ಆಫ್ ಆಗುವ 30 ಮಿಲಿ ಆಂಪ್‌ನ ಸೇಫ್ಟಿ ಸ್ವಿಚ್ ಕೂರಿಸಿಕೊಂಡಿದ್ದೇವೆ. ಹಳೇ ಮನೆಗಳಲ್ಲಿ ಅರ್ಥಿಂಗ್ ಹೇಗಿರುತ್ತದೋ ಯಾರಿಗೆ ಗೊತ್ತು.

ಮೆಷಿನ್‌ಗೆ ಒಂದು ಸ್ಟಾರ್ ಯಾಕೆ ಕಡಿಮೆ ಕೊಟ್ಟೆ ಅಂದರೆ, ಗುಂಡಗಿನ ಡಿಸ್ಕ್ ಮೂಲೆಗೆ ಹೋಗುವುದಿಲ್ಲ. ಹತ್ತಡಿ ರೂಮಿನಲ್ಲಿ ಮಧ್ಯದ ಜಾಗಕ್ಕೆ ಎಷ್ಟು ಹೊತ್ತೋ ಅಂಚಿಗೂ ಅಷ್ಟೇ ಹೊತ್ತು, ಕೈಮೆಷಿನ್ ಹಿಡಿದು ಕುಕ್ಕರಗಾಲಲ್ಲಿ ಕೂರಬೇಕು. ಕೈಮೆಷಿನ್ ಕಿಟ್‌ನಲ್ಲಿ ಇರಲೇ ಇಲ್ಲ. ಇನ್ನೊಂದು, ಪಕ್ಕ ಪಕ್ಕದ ಎರಡು ಕಲ್ಲು ಮೇಲೆ ಕೆಳಗೆ ಕೂತಿದ್ದರೆ ಅದನ್ನು ಸಮ ಮಾಡುವ ಶಕ್ತಿ ಇದಕ್ಕಿಲ್ಲ. ಅದಕ್ಕೆ ಇದಕ್ಕಿಂತ ಭಾರದ ಮೆಷಿನ್, ಲೋಹದಲ್ಲಿ ಕೂರಿಸಿದ ಡೈಮಂಡ್ ಬೇಕು. ಅಂಥ ಕೆಲಸ ಬಂದರೆ ಮಾರ್ಬಲ್ ಹಾಕುವವರ ಕಡೆ ಕಳಿಸುತ್ತೇನೆ.

ಕಿಟ್‌ನ ಪೌಡರ್ ಬಗ್ಗೆ. ಸ್ಟೀಲ್ ವುಲ್ ಕೆಳಗೆ ಅದನ್ನು ಹಾಕಿ ಉಜ್ಜಿದರೆ ಬಿಸಿಗೆ ಮಾರ್ಬಲ್ ಜೊತೆ ಸೇರಿ ಮೇಲೆ ಒಂದು ಗಟ್ಟಿ ಹೊಳಪಿನ ಪದರ ಆಗುತ್ತದೆ, ಕ್ರಿಸ್ಟಲೈಸೇಶನ್ ಅಂತಾರೆ. ಒಳ್ಳೆಯದೇ, ಆದರೆ ಕೊನೆಗೆ ಮಾಡುವುದು. ಗೀರು ತೆಗೆಯದೆ ನೇರ ಇದನ್ನೇ ಹಾಕಿ ದುಡ್ಡು ಇಸಿದುಕೊಳ್ಳುವವರಿದ್ದಾರೆ, ಕೆಲವು ತಿಂಗಳಿಗೆ ಮತ್ತೆ ಮಂಕು. ಸೀಲರ್ ವಿಷಯದಲ್ಲೂ ಗಿರಾಕಿಗೆ ಮೊದಲೇ ಬಿಡಿಸಿ ಹೇಳಿ: ಅದು ಕಾಫಿ, ಎಣ್ಣೆ, ಅರಿಶಿನ ಒಳಗೆ ಇಳಿಯುವುದನ್ನು ನಿಧಾನ ಮಾಡುತ್ತದೆ ಅಷ್ಟೇ, ನಿಂಬೆಹಣ್ಣು ತಿನ್ನುವುದನ್ನು ತಡೆಯುವುದಿಲ್ಲ. ಕಲ್ಲು ಒಳಗಿಂದ ಒಣಗಿದ ಮೇಲೇ ಹಚ್ಚಬೇಕು. ಬೇಸಿಗೆಯಲ್ಲಿ ನಾನು ಒಂದು ದಿನ ಬಿಡುತ್ತೇನೆ, ಮಳೆಗಾಲದಲ್ಲಿ ಎರಡು ಮೂರು ದಿನ.

ದುಡ್ಡಿನ ಲೆಕ್ಕ. ಶುರುವಿನಲ್ಲಿ ಚದರ ಅಡಿಗೆ 20 ರೂಪಾಯಿ ಅಂತ ಒಪ್ಪಿಕೊಂಡು ಕೈ ಸುಟ್ಟುಕೊಂಡೆ. ಪ್ಯಾಡ್ ಸವೆತ, ಗಾಡಿ ಬಾಡಿಗೆ, ಅಂಚಿನ ಕೆಲಸ ಯಾವುದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ 40ರಿಂದ 45. ಅದಕ್ಕೆ ಮುಂಚೆ ಒಂದು ಮೂಲೆಯಲ್ಲಿ ಎರಡಡಿ ಜಾಗ ಮಾಡಿ ತೋರಿಸುತ್ತೇನೆ, ಅದಕ್ಕೆ ದುಡ್ಡು ಇಲ್ಲ. ಅದನ್ನು ನೋಡಿದ ಮೇಲೆ ರೇಟ್ ಬಗ್ಗೆ ಚೌಕಾಸಿ ಮಾಡಿದವರು ಕಡಿಮೆ. ಇಬ್ಬರು ಸೇರಿ ದಿನಕ್ಕೆ 150ರಿಂದ 200 ಚದರ ಅಡಿ ಮುಗಿಸುತ್ತೇವೆ, ಅಪಾರ್ಟ್‌ಮೆಂಟ್‌ನಲ್ಲಿ ಮಧ್ಯಾಹ್ನ ಸದ್ದು ಮಾಡಬಾರದು ಅಂದರೆ ಇನ್ನೂ ಕಡಿಮೆ.

ನನಗೆ ಜಾಸ್ತಿ ಕೆಲಸ ತಂದುಕೊಟ್ಟದ್ದು ಮಾರ್ಬಲ್ ಅಲ್ಲ, ಮೊಸಾಯಿಕ್. ಜಯನಗರ, ಮಲ್ಲೇಶ್ವರ, ರಾಜಾಜಿನಗರದ ಹಳೇ ಮನೆಗಳಲ್ಲಿ ಇನ್ನೂ ಇದೆ. ಸಿಮೆಂಟಿನಲ್ಲಿ ಮಾರ್ಬಲ್ ಚೂರು ಕೂರಿಸಿ ಅರೆದದ್ದು, ಆದ್ದರಿಂದ ಇದೇ ಪ್ಯಾಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಲ್ಲೇಶ್ವರದ ಒಂದು ಮನೆಯಲ್ಲಿ ಮೊಸಾಯಿಕ್ ಒಡೆದು ಟೈಲ್ಸ್ ಹಾಕಿಸಲು ಕೊಟೇಶನ್ ತೆಗೆದುಕೊಂಡು ಇಟ್ಟಿದ್ದರು. ಮಂಚದ ಕೆಳಗಿನ ಎರಡಡಿ ಜಾಗ ಮಾಡಿ ತೋರಿಸಿದೆ. ಬೂದಿಯ ಒಳಗಿಂದ ಹಸಿರು ಚೂರು, ಹಳದಿ ಚೂರು, ಒಂದೆರಡು ಕಡೆ ಸಿಂಪಿಯ ಚೂರು ಎದ್ದು ಬಂದವು. ಆ ಮನೆಯ ಅಜ್ಜಿ ಬಗ್ಗಿ ಸಿಂಪಿಯ ಮೇಲೆ ಬೆರಳಿಟ್ಟು, "ಇದು ಇತ್ತು ಅನ್ನೋದೇ ಮರೆತುಹೋಗಿತ್ತು" ಅಂದರು. ಟೈಲ್ಸ್ ಹಾಕಿಸಲಿಲ್ಲ. 420 ಚದರ ಅಡಿ, ಮೂರು ದಿನ. ಅವರ ಅಕ್ಕಪಕ್ಕದಿಂದಲೇ ನಾಲ್ಕು ಕೆಲಸ ಬಂತು.

ಕೊಳ್ಳುವವರಿಗೆ ಕೊನೆಯದಾಗಿ ಒಂದು. ಆರನೇ ತಿಂಗಳಲ್ಲಿ ಕೆಲಸದ ಮಧ್ಯೆ ಮೆಷಿನ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಮೋಟಾರ್ ಸುಟ್ಟಿತು ಅಂತ ಎದೆ ಒಡೆದುಹೋಯಿತು. ಅಂಗಡಿಯವರು ತಂದಿಟ್ಟು ಹೋಗಿ, ವಾರ ಆಗುತ್ತೆ ಅಂದರು. ನಮ್ಮ ಬೀದಿಯ ಮೋಟಾರ್ ರಿವೈಂಡಿಂಗ್‌ನವರು ಐದು ನಿಮಿಷದಲ್ಲಿ ನೋಡಿ, ಮೋಟಾರ್ ಸ್ಟಾರ್ಟ್ ಆಗಲು ಬೇಕಾದ ಕೆಪಾಸಿಟರ್ ಹೋಗಿದೆ ಅಂದರು. ಎಸ್‌ಪಿ ರೋಡಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಕ್ಕಿತು, ಮಧ್ಯಾಹ್ನದೊಳಗೆ ಮೆಷಿನ್ ಓಡಿತು. ಅವತ್ತೇ ಎರಡು ತೆಗೆದುಕೊಂಡೆ. ಇನ್ನೊಂದು ವೆಟ್ ವ್ಯಾಕ್ಯೂಮ್ ಪಕ್ಕದ ಡಬ್ಬಿಯಲ್ಲಿ, ಮೇಲೆ ಅದರ ಅಳತೆಯ ಮೈಕ್ರೋಫ್ಯಾರಡ್ ನಂಬರ್ ದೊಡ್ಡದಾಗಿ ಬರೆದು ಇಟ್ಟಿದ್ದೇನೆ.